ಐದು ರೋಗಕ್ಕೊಂದು ಸೂಜಿ, ಇಪ್ಪತ್ತೆಂಟು ಕುರ್ಚಿಯ ಮಂಡಳಿ

ಗುರುವಾರ ಲಸಿಕೆಯ ದಿನ. ಗದಗ-ಬೆಟಗೇರಿಯ ನಗರ ಆರೋಗ್ಯ ಕೇಂದ್ರಗಳಲ್ಲೂ ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳ ಹಳ್ಳಿ-ತಾಂಡಾಗಳ ಅಂಗನವಾಡಿಗಳಲ್ಲೂ ಒಂದೂವರೆ ತಿಂಗಳ ಕೂಸುಗಳ ಎಡತೊಡೆಗೆ ಅರ್ಧ ಮಿಲಿಲೀಟರ್‌ನಷ್ಟು ದ್ರವವನ್ನು ಚುಚ್ಚಲಾಗುತ್ತದೆ. ಆಶಾ ಕಾರ್ಯಕರ್ತೆಯರು ಪೆಂಟಾ ಎಂದು ಕರೆಯುವ ಈ ಲಸಿಕೆಯಲ್ಲಿ ಐದು ರೋಗಗಳ ವಿರುದ್ಧದ ರಕ್ಷಣೆ ಒಟ್ಟಿಗಿದೆ: ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್-ಬಿ ಕಾಮಾಲೆ ಮತ್ತು ನ್ಯುಮೋನಿಯಾ, ಮಿದುಳುಪೊರೆಯ ಉರಿಯೂತಗಳನ್ನು ತರುವ ಹಿಬ್ ಬ್ಯಾಕ್ಟೀರಿಯಾದ ಸೋಂಕು. ಮೊದಲ ಮೂರರ ಲಸಿಕೆ ಹಳೆಯದು. ಕೊನೆಯ ಎರಡೂ 1980ರ ದಶಕದಲ್ಲೇ ಸಿರಿವಂತ ದೇಶಗಳ ಮಕ್ಕಳಿಗೆ ಸಿಗತೊಡಗಿದ್ದವು; ಐದೂ ಸೇರಿದ ಸೂಜಿ ಕರ್ನಾಟಕದ ಕೂಸುಗಳನ್ನು ಮುಟ್ಟುವ ಹೊತ್ತಿಗೆ 2013 ಆಗಿತ್ತು. ಈ ಕಾಲು ಶತಮಾನದ ವಿಳಂಬಕ್ಕೆ ವಿಜ್ಞಾನದ ಕೊರತೆ ಕಾರಣವಾಗಿರಲಿಲ್ಲ. ಹಣ ಮತ್ತು ಏರ್ಪಾಡುಗಳ ಕೊರತೆ ಕಾರಣವಾಗಿತ್ತು. ಆ ಕೊರತೆಯನ್ನು ತುಂಬಲೆಂದು ಹುಟ್ಟಿದ ಸಂಸ್ಥೆಯೇ ಜಿನೀವಾದಲ್ಲಿ ನೆಲೆಸಿರುವ ಲಸಿಕಾ ಮೈತ್ರಿಕೂಟ, ಗಾವಿ.

ಲಸಿಕೆಯೆಂಬುದು ಈ ಸೀಮೆಗೆ ಹೊಸದಲ್ಲ. ವಾಲ್ಡೆಮಾರ್ ಹಾಫ್ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಪ್ಲೇಗಿನ ಲಸಿಕೆಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡ. ಮರುವರ್ಷ ಅಂದಿನ ಧಾರವಾಡ ಜಿಲ್ಲೆಯಲ್ಲಿ ಪ್ಲೇಗು ಹಬ್ಬಿದಾಗ ಹುಬ್ಬಳ್ಳಿಯಲ್ಲಿ ಸಾವಿರಾರು ಜನ ಸಾಲುಗಟ್ಟಿ ಅದನ್ನು ಹಾಕಿಸಿಕೊಂಡರು. ಆಗ ಗದಗವೂ ಅದೇ ಜಿಲ್ಲೆಗೆ ಸೇರಿತ್ತು. ಬೆಳಗಾವಿಯ ಟಿಳಕವಾಡಿಯಲ್ಲಿ ಇಂದಿಗೂ ವ್ಯಾಕ್ಸಿನ್ ಡಿಪೋ ಎಂದೇ ಕರೆಸಿಕೊಳ್ಳುವ ಜಾಗದ ಸಂಸ್ಥೆ ಮುಂಬಯಿ ಪ್ರಾಂತಕ್ಕೆ ಸಿಡುಬಿನ ಲಸಿಕೆಯನ್ನು ತಯಾರಿಸಿ ಕೊಡುತ್ತಿತ್ತು. ಆ ಲಸಿಕೆಗಳು ಬಂದದ್ದು ಪಿಡುಗಿನ ಬೆನ್ನಿಗೆ, ಸರ್ಕಾರದ ಆಜ್ಞೆಯ ಮೂಲಕ. ಪಿಡುಗಿಲ್ಲದ ದಿನಗಳಲ್ಲೂ ಹುಟ್ಟಿದ ಪ್ರತಿ ಮಗುವಿಗೂ ನಿಗದಿತ ವಾರದಲ್ಲಿ ಲಸಿಕೆ ಸಲ್ಲಬೇಕೆಂಬ ಯೋಚನೆ ರೂಪುಗೊಂಡದ್ದು ಬಹಳ ತಡವಾಗಿ: ವಿಶ್ವ ಆರೋಗ್ಯ ಸಂಸ್ಥೆ 1974ರಲ್ಲಿ ವಿಸ್ತೃತ ಲಸಿಕಾ ಕಾರ್ಯಕ್ರಮವನ್ನು ಆರಂಭಿಸಿತು, ಭಾರತ 1978ರಲ್ಲಿ ಅದನ್ನು ಕೈಗೆತ್ತಿಕೊಂಡು 1985ರಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವಾಗಿ ಹಿಗ್ಗಿಸಿತು.

1980ರ ದಶಕದ ಉತ್ಸಾಹ 1990ರ ದಶಕದಲ್ಲಿ ಇಳಿಯಿತು. ದಾನಿಗಳ ಗಮನ ಬೇರೆಡೆ ಹರಿಯಿತು, ಬಡದೇಶಗಳಲ್ಲಿ ಲಸಿಕೆಯ ವ್ಯಾಪ್ತಿ ನಿಂತಲ್ಲೇ ನಿಂತಿತು. ಪ್ರತಿವರ್ಷ ಹುಟ್ಟುವವರಲ್ಲಿ ಸುಮಾರು 3 ಕೋಟಿ ಮಕ್ಕಳು ಪೂರ್ಣ ಲಸಿಕೆಯಿಲ್ಲದೆ ಉಳಿಯುತ್ತಿದ್ದರು. ಹೊಸ ಲಸಿಕೆಗಳ ಪಾಡಂತೂ ವಿಚಿತ್ರವಾಗಿತ್ತು. ಬೆಲೆ ಹೆಚ್ಚೆಂದು ಬಡದೇಶಗಳು ಕೊಳ್ಳುತ್ತಿರಲಿಲ್ಲ. ಕೊಳ್ಳುವವರಿಲ್ಲವೆಂದು ಕಂಪನಿಗಳು ತಯಾರಿಕೆಯನ್ನು ಹೆಚ್ಚಿಸುತ್ತಿರಲಿಲ್ಲ. ತಯಾರಿಕೆ ಕಡಿಮೆಯಾದ್ದರಿಂದ ಬೆಲೆ ಇಳಿಯುತ್ತಿರಲಿಲ್ಲ. ಈ ಸುತ್ತಿನಲ್ಲಿ ಯಾರೊಬ್ಬರ ದುರುದ್ದೇಶವೂ ಇರಬೇಕಾಗಿರಲಿಲ್ಲ, ಪ್ರತಿಯೊಬ್ಬರೂ ತಮ್ಮ ಲೆಕ್ಕದಂತೆ ಸರಿಯಾಗಿಯೇ ನಡೆದುಕೊಳ್ಳುತ್ತಿದ್ದರು. ಒಟ್ಟು ಪರಿಣಾಮ ಮಾತ್ರ ಮಕ್ಕಳ ಸಾವು.

ವಿಶ್ವಬ್ಯಾಂಕಿನ ಅಧ್ಯಕ್ಷ ಜೇಮ್ಸ್ ವುಲ್ಫನ್‌ಸನ್ 1998ರಲ್ಲಿ ಸಂಬಂಧಪಟ್ಟವರನ್ನೆಲ್ಲ ಒಂದೆಡೆ ಕೂರಿಸಿದರು. 1999ರಲ್ಲಿ ಇಟಲಿಯ ಬೆಲಾಜಿಯೋದಲ್ಲಿ ಮಾತುಕತೆ ಮುಂದುವರಿಯಿತು. ಗೇಟ್ಸ್ ಪ್ರತಿಷ್ಠಾನ ಐದು ವರ್ಷಗಳಿಗೆ 75 ಕೋಟಿ ಡಾಲರ್ ಕೊಡುವುದಾಗಿ ಹೇಳಿತು, 2000ದ ಜನವರಿಯಲ್ಲಿ ದಾವೋಸ್‌ನಲ್ಲಿ ಮೈತ್ರಿಕೂಟದ ಘೋಷಣೆಯಾಯಿತು. ಮೊದಲ ಮಂಡಳಿಯ ಅಧ್ಯಕ್ಷತೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಮುಖ್ಯಸ್ಥೆ ಗ್ರೋ ಹಾರ್ಲೆಮ್ ಬ್ರಂಟ್‌ಲ್ಯಾಂಡ್ ವಹಿಸಿದರು, ಕಚೇರಿಯ ಹೊಣೆ ನಾರ್ವೆಯ ವೈದ್ಯ ವಿಜ್ಞಾನಿ ಟೋರೆ ಗೋಡಾಲ್ ಅವರದಾಯಿತು. ಆರಂಭದಲ್ಲಿ ಅದು ಯುನಿಸೆಫ್‌ನ ಆಶ್ರಯದಲ್ಲಿದ್ದ ಪುಟ್ಟ ಕಾರ್ಯಾಲಯ, ಹಣದ ನಿಧಿ ಬೇರೆಯೇ. ಎರಡೂ ಒಂದಾಗಿ ಸ್ವಿಸ್ ಕಾನೂನಿನಡಿಯ ಸ್ವತಂತ್ರ ಪ್ರತಿಷ್ಠಾನವಾಗಲು ಸುಮಾರು ಒಂಬತ್ತು ವರ್ಷ ಹಿಡಿಯಿತು.

ಮೈತ್ರಿಕೂಟ ಯಾವ ಲಸಿಕೆಯನ್ನೂ ತಯಾರಿಸುವುದಿಲ್ಲ, ಯಾವ ಮಗುವಿಗೂ ಚುಚ್ಚುವುದಿಲ್ಲ. ಅದು ಮಾಡುವುದು ಬೇಡಿಕೆಯನ್ನು ಒಟ್ಟುಗೂಡಿಸುವ ಕೆಲಸ. ಹತ್ತಾರು ಬಡದೇಶಗಳ ಅಗತ್ಯವನ್ನು ಸೇರಿಸಿ, ವರ್ಷಗಳ ಮುಂಚಿತವಾಗಿ ಭರವಸೆ ನೀಡಿ, ಯುನಿಸೆಫ್‌ನ ಮೂಲಕ ಖರೀದಿಸಿದರೆ ತಯಾರಕನಿಗೆ ಮಾರುಕಟ್ಟೆ ನಿಶ್ಚಿತವಾಗುತ್ತದೆ, ಹೊಸ ತಯಾರಕರು ಕಣಕ್ಕಿಳಿಯುತ್ತಾರೆ. ಪೆಂಟಾ ಕಥೆ ಹೀಗೆಯೇ ನಡೆಯಿತು. ಆರಂಭದಲ್ಲಿ ಡೋಸಿಗೆ ಮೂರೂವರೆ ಡಾಲರಿನ ಆಸುಪಾಸಿನಲ್ಲಿದ್ದ ಬೆಲೆ 2016ರ ಹೊತ್ತಿಗೆ ಒಂದು ಡಾಲರಿಗಿಂತ ಕೆಳಗಿಳಿಯಿತು. ಅದರ ಹಿಂದೆ ಪುಣೆಯ ಸೀರಂ ಇನ್‌ಸ್ಟಿಟ್ಯೂಟ್‌ನಂಥ ಭಾರತೀಯ ತಯಾರಕರ ಪೈಪೋಟಿಯಿತ್ತು. ಮುಂದಿನ ವರ್ಷಗಳಲ್ಲಿ ಸರ್ಕಾರಗಳು ಕೊಡಲಿರುವ ಹಣವನ್ನು ಆಧಾರವಾಗಿಟ್ಟು ಇಂದೇ ಬಾಂಡುಗಳನ್ನು ಮಾರುವ ಲಸಿಕಾ ಹಣಕಾಸು ಸೌಲಭ್ಯ 2006ರಲ್ಲಿ ಶುರುವಾಯಿತು. ನೆರವು ಪಡೆಯುವ ದೇಶವೂ ಬೆಲೆಯ ಒಂದು ಪಾಲನ್ನು ಭರಿಸಬೇಕು, ಆದಾಯ ಏರಿದಂತೆ ಪಾಲೂ ಏರಬೇಕು, ಕೊನೆಗೆ ನೆರವಿನಿಂದ ಹೊರಬರಬೇಕು ಎಂಬುದು ಇನ್ನೊಂದು ನಿಯಮ.

ಆಡಳಿತದ ರಚನೆಯಲ್ಲಿ ಈ ಸಂಸ್ಥೆಯ ನಿಜವಾದ ಕುತೂಹಲವಿದೆ. ಮಂಡಳಿಯಲ್ಲಿ 28 ಸ್ಥಾನಗಳು. ವಿಶ್ವ ಆರೋಗ್ಯ ಸಂಸ್ಥೆ, ಯುನಿಸೆಫ್, ವಿಶ್ವಬ್ಯಾಂಕ್, ಗೇಟ್ಸ್ ಪ್ರತಿಷ್ಠಾನಗಳಿಗೆ ಕಾಯಂ ಕುರ್ಚಿ. ನೆರವು ಪಡೆಯುವ ಸರ್ಕಾರಗಳಿಗೆ ಐದು, ಕೊಡುವ ಸರ್ಕಾರಗಳಿಗೂ ಐದು. ಸಂಶೋಧನಾ ಸಂಸ್ಥೆಗಳಿಗೆ, ಸಿರಿವಂತ ದೇಶಗಳ ಲಸಿಕಾ ಕಂಪನಿಗಳಿಗೆ, ಅಭಿವೃದ್ಧಿಶೀಲ ದೇಶಗಳ ಲಸಿಕಾ ಕಂಪನಿಗಳಿಗೆ, ನಾಗರಿಕ ಸಂಘಟನೆಗಳಿಗೆ ಒಂದೊಂದು. ಯಾವ ಪಕ್ಷಕ್ಕೂ ಸೇರದ ಒಂಬತ್ತು ಮಂದಿ ಸ್ವತಂತ್ರ ಸದಸ್ಯರು, ಮತದಾನದ ಹಕ್ಕಿಲ್ಲದ ಮುಖ್ಯ ಕಾರ್ಯನಿರ್ವಾಹಕರು. ಕೊಡುವವರೂ ಪಡೆಯುವವರೂ ಸಮಸಂಖ್ಯೆಯಲ್ಲಿ ಕೂರುವ ಅಂತರರಾಷ್ಟ್ರೀಯ ಮಂಡಳಿಗಳು ವಿರಳ. ಮಾರುವವರೇ ಕೊಳ್ಳುವವರ ಮೇಜಿನಲ್ಲಿ ಕೂರುವುದಂತೂ ಇನ್ನೂ ವಿರಳ.

ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಕೃಷಿ ಪತ್ತಿನ ಸಹಕಾರ ಸಂಘವನ್ನು ಬಲ್ಲ ಸೀಮೆಗೆ ಇದನ್ನು ಅಳೆಯುವ ಕೋಲು ಸಿದ್ಧವಾಗಿಯೇ ಇದೆ. ಒಬ್ಬೊಬ್ಬರಿಂದ ಆಗದ್ದನ್ನು ಒಟ್ಟುಗೂಡಿ ಸಾಧಿಸುವುದು ಎರಡಕ್ಕೂ ಸಮಾನ. ಆದರೆ ಸಹಕಾರ ತತ್ವದಲ್ಲಿ ಷೇರು ಎಷ್ಟೇ ಇರಲಿ, ಸದಸ್ಯನಿಗೆ ಒಂದೇ ಮತ. ಸಾಲ ಪಡೆಯುವವನೇ ಸಂಘದ ಒಡೆಯ. ಮೈತ್ರಿಕೂಟದಲ್ಲಿ ಪಡೆಯುವವನ ಮಾತಿಗೆ ಜಾಗವಿದೆ, ಒಡೆತನವಿಲ್ಲ. ಒಂದು ಖಾಸಗಿ ಪ್ರತಿಷ್ಠಾನಕ್ಕೆ ಕಾಯಂ ಸ್ಥಾನವಿದೆ, ನೆರವು ಪಡೆಯುವ ಹತ್ತಾರು ದೇಶಗಳು ಐದು ಕುರ್ಚಿಗಳನ್ನು ಸರದಿಯಲ್ಲಿ ಹಂಚಿಕೊಳ್ಳಬೇಕು. ಇದರ ಫಲ ನ್ಯುಮೋಕಾಕಸ್ ಲಸಿಕೆಯ ವಿಷಯದಲ್ಲಿ ಕಂಡಿತು. ಮುಂಗಡ ಮಾರುಕಟ್ಟೆ ಭರವಸೆ ಎಂಬ ಯೋಜನೆಯಡಿ 2009ರಲ್ಲಿ ಮೀಸಲಿಟ್ಟ 150 ಕೋಟಿ ಡಾಲರಿನ ಬಹುಪಾಲು ಎರಡು ದೊಡ್ಡ ಬಹುರಾಷ್ಟ್ರೀಯ ಕಂಪನಿಗಳಿಗೇ ಹೋಯಿತೆಂದು ಗಡಿರಹಿತ ವೈದ್ಯರ ಸಂಘಟನೆ ಬಹಿರಂಗವಾಗಿ ಟೀಕಿಸಿತು. ಅಭಿವೃದ್ಧಿಶೀಲ ದೇಶದ ತಯಾರಕನೊಬ್ಬನ ಲಸಿಕೆಗೆ, ಸೀರಂನದ್ದಕ್ಕೆ, ವಿಶ್ವ ಆರೋಗ್ಯ ಸಂಸ್ಥೆಯ ಮನ್ನಣೆ ಸಿಕ್ಕಿದ್ದು 2019ರ ಕೊನೆಗೆ. ಟೀಕೆಯಲ್ಲಿ ಹುರುಳಿದೆ. ಹಾಗೆಂದು ಆ ಹತ್ತು ವರ್ಷಗಳಲ್ಲಿ ಆ ಲಸಿಕೆ ಪಡೆದ ಮಕ್ಕಳ ಲೆಕ್ಕವನ್ನು ಮರೆಯುವಂತೆಯೂ ಇಲ್ಲ.

ಭಾರತ ಈ ಮೇಜಿನ ಮೂರು ಬದಿಗಳಲ್ಲೂ ಕುಳಿತಿರುವ ದೇಶ. 2000ದ ದಶಕದ ಆರಂಭದಲ್ಲಿ ಹೆಪಟೈಟಿಸ್-ಬಿ ಲಸಿಕೆಗೆ ನೆರವು ಪಡೆಯಿತು. ಪೆಂಟಾ ಬಗ್ಗೆ ವರ್ಷಗಟ್ಟಲೆ ವಾದ ನಡೆಯಿತು, ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿಯೂ ಬಂತು. ಜಿನೀವಾ ಹಣ ಕೊಟ್ಟರೂ ಲಸಿಕೆಯನ್ನು ಸ್ವೀಕರಿಸುವ ತೀರ್ಮಾನ ದೇಶದ ತಾಂತ್ರಿಕ ಸಲಹಾ ಗುಂಪು ಮತ್ತು ಸರ್ಕಾರದ್ದೇ ಆಗಿತ್ತು. ಕೊನೆಗೆ 2011ರ ಡಿಸೆಂಬರಿನಲ್ಲಿ ಕೇರಳ, ತಮಿಳುನಾಡುಗಳಲ್ಲಿ ಆರಂಭವಾಗಿ ನಂತರದ ಹಂತದಲ್ಲಿ ಕರ್ನಾಟಕಕ್ಕೆ ಬಂತು. 2017ರ ಫೆಬ್ರುವರಿಯಲ್ಲಿ ದಡಾರ-ರುಬೆಲ್ಲಾ ಅಭಿಯಾನದ ಮೊದಲ ಹಂತಕ್ಕೆ ಆಯ್ಕೆಯಾದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು; ಒಂಬತ್ತು ತಿಂಗಳಿನಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆಲ್ಲ ಶಾಲೆ, ಅಂಗನವಾಡಿಗಳಲ್ಲಿ ಆಗ ಲಸಿಕೆ ಹಾಕಲಾಯಿತು. ಇನ್ನೊಂದು ಕಡೆ, ಮೈತ್ರಿಕೂಟ ಜಗತ್ತಿಗೆ ಹಂಚುವ ಲಸಿಕೆಯ ದೊಡ್ಡ ಪಾಲು ಪುಣೆ, ಹೈದರಾಬಾದುಗಳಿಂದಲೇ ಹೋಗುತ್ತದೆ. 2020ರ ಜೂನ್‌ನಲ್ಲಿ ಭಾರತ ಒಂದೂವರೆ ಕೋಟಿ ಡಾಲರ್ ದೇಣಿಗೆಯನ್ನೂ ಘೋಷಿಸಿತು.

ಮೇಜಿನ ಮೇಲಿನ ತೀರ್ಮಾನ ಕೂಸಿನ ತೊಡೆ ಮುಟ್ಟಲು ಶೀತ ಸರಪಳಿ ಬೇಕು. ಲಸಿಕೆ ಬೆಳಗಾವಿಯ ಪ್ರಾದೇಶಿಕ ದಾಸ್ತಾನಿನಿಂದ ಗದಗಿನ ಜಿಲ್ಲಾ ಉಗ್ರಾಣಕ್ಕೆ, ಅಲ್ಲಿಂದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಗುರುವಾರ ಬೆಳಿಗ್ಗೆ ಐಸ್‌ಪ್ಯಾಕ್ ತುಂಬಿದ ಡಬ್ಬಿಯಲ್ಲಿ ಹಳ್ಳಿಗೆ ಸಾಗುತ್ತದೆ. ಉದ್ದಕ್ಕೂ 2ರಿಂದ 8 ಡಿಗ್ರಿ ಸೆಲ್ಸಿಯಸ್. ಬಿಸಿಲು ತಾಗಿದರಷ್ಟೇ ಅಲ್ಲ, ಹೆಪ್ಪುಗಟ್ಟಿದರೂ ಪೆಂಟಾ ಕೆಟ್ಟಂತೆಯೇ. ಸೀಸೆಯ ಮೇಲಿನ ಪುಟ್ಟ ಚೌಕ ಶಾಖ ತಾಗಿದಂತೆಲ್ಲ ಕಪ್ಪಾಗುತ್ತದೆ. ಸುತ್ತಲ ವೃತ್ತದ ಬಣ್ಣಕ್ಕೆ ಅದು ಸಮನಾದ ಮೇಲೆ ಆ ಸೀಸೆಯನ್ನು ಬಳಸುವಂತಿಲ್ಲ. ಕಪ್ಪತಗುಡ್ಡದ ಬುಡದ ಊರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಈ ಚೌಕವನ್ನು ಬಿಳಿಯಾಗಿ ಉಳಿಸಿಕೊಳ್ಳುವುದು ಸಣ್ಣ ಕೆಲಸವಲ್ಲ.

ಮೈತ್ರಿಕೂಟ ಈಗ ಒಂದೂ ಡೋಸ್ ಪಡೆಯದ ಮಕ್ಕಳನ್ನು ಹುಡುಕುವುದನ್ನೇ ಮುಖ್ಯ ಗುರಿಯಾಗಿಸಿಕೊಂಡಿದೆ. ಹಣದ ಬಿಗಿಯೂ ಶುರುವಾಗಿದೆ: 2025ರ ಜೂನ್‌ನಲ್ಲಿ ಬ್ರಸೆಲ್ಸ್‌ನಲ್ಲಿ 1,190 ಕೋಟಿ ಡಾಲರ್ ಕೇಳಿದಾಗ 900 ಕೋಟಿಗಿಂತ ತುಸು ಹೆಚ್ಚಿನ ಭರವಸೆ ಸಿಕ್ಕಿತು, ಅಮೆರಿಕ ತನ್ನ ನೆರವನ್ನು ನಿಲ್ಲಿಸುವುದಾಗಿ ಹೇಳಿತು. ಪೆಂಟಾ ಖರ್ಚನ್ನು ಸ್ವತಃ ಭರಿಸುವ ಭಾರತದಲ್ಲಿ ಇದರಿಂದ ಗುರುವಾರದ ಸೂಜಿ ನಿಲ್ಲುವುದಿಲ್ಲ. ಈ ಭಾಗದ ತೊಡಕು ಬೇರೆ. ಮಳೆ ಕೈಕೊಟ್ಟ ವರ್ಷ ಮುಂಡರಗಿ, ಶಿರಹಟ್ಟಿಗಳ ತಾಂಡಾಗಳಿಂದ ಕುಟುಂಬಗಳು ಗೋವಾ, ಮಂಗಳೂರು, ಬೆಂಗಳೂರುಗಳಿಗೆ ಗುಳೆ ಹೋಗುತ್ತವೆ, ಆರನೆಯ ವಾರದ ಡೋಸ್ ಊರಲ್ಲಾದರೆ ಹತ್ತನೆಯ ವಾರದ್ದು ಕಟ್ಟಡ ಕಾಮಗಾರಿಯ ಶೆಡ್ಡಿನಲ್ಲಿ ತಪ್ಪಿಹೋಗುತ್ತದೆ. ಪೆಂಟಾ ವೇಳಾಪಟ್ಟಿ ದೇಶದಾದ್ಯಂತ ಒಂದೇ. ಲಸಿಕೆಯ ದಾಖಲೆಯಿರುವ ತಾಯಿ ಕಾರ್ಡ್ ಜೊತೆಗಿದ್ದರೆ ಮುಂಡರಗಿಯಲ್ಲಿ ಶುರುವಾದದ್ದನ್ನು ಮಡಗಾಂವ್‌ನ ಸರ್ಕಾರಿ ಆಸ್ಪತ್ರೆಯಲ್ಲಿ ಮುಂದುವರಿಸಬಹುದು, ಹಣವನ್ನೇನೂ ಕೊಡಬೇಕಾಗಿಲ್ಲ. ಡೋಸ್ ತಡವಾದರೂ ಮತ್ತೆ ಮೊದಲಿನಿಂದ ಆರಂಭಿಸಬೇಕಾಗಿಲ್ಲ.