ಮಾತ್ರೆ ಮತ್ತು ವಂಶವಾಹಿ

‘ಅತಿಯಾದರೆ ಅಮೃತವೂ ವಿಷ’ ಎಂಬುದು ಹಿರಿಯರ ಅನುಭವದ ಮಾತು. ಔಷಧಗಳ ವಿಷಯದಲ್ಲಿ ಇದು ಸತ್ಯವೇ ಆದರೂ ಪೂರ್ಣಸತ್ಯವಲ್ಲ. ಪ್ರಮಾಣ ಮೀರದಿದ್ದರೂ, ಸೇವಿಸಿದ ಕಾಲ ತಪ್ಪಿದುದರಿಂದಲೇ ಔಷಧವು ವಿಷವಾಗಬಲ್ಲದು. ಇಪ್ಪತ್ತನೆಯ ಶತಮಾನದ ನಡುಗಾಲದಲ್ಲಿ ಥಾಲಿಡೋಮೈಡ್ ಎಂಬ ಮಾತ್ರೆಯು ಈ ಪಾಠವನ್ನು ಜಗತ್ತಿಗೆ ಕಲಿಸಿತು. ಅದಕ್ಕೆ ತೆತ್ತ ಬೆಲೆ ಬಹಳ ದೊಡ್ಡದು.

1957ರ ಅಕ್ಟೋಬರ್ ತಿಂಗಳಲ್ಲಿ ಪಶ್ಚಿಮ ಜರ್ಮನಿಯ ಔಷಧ ಕಂಪನಿಯೊಂದು ಇದನ್ನು ನಿದ್ರೆಯ ಮಾತ್ರೆಯಾಗಿ ಮಾರುಕಟ್ಟೆಗೆ ತಂದಿತು. ಆಗ ಬಳಕೆಯಲ್ಲಿದ್ದ ನಿದ್ರೆಯ ಔಷಧಗಳು ಪ್ರಮಾಣ ಮೀರಿದರೆ ಪ್ರಾಣವನ್ನೇ ತೆಗೆಯುತ್ತಿದ್ದುವು. ಈ ಹೊಸ ಮಾತ್ರೆಯನ್ನಾದರೋ ಇಲಿಗಳಿಗೆ ಹೆಚ್ಚು ಹೆಚ್ಚಾಗಿ ಕೊಟ್ಟರೂ ಅವು ಸಾಯಲಿಲ್ಲ. ಆದುದರಿಂದ ಇದು ನಿರಪಾಯಕರವೆಂದು ಸಾರಲಾಯಿತು. ವೈದ್ಯರ ಚೀಟಿಯಿಲ್ಲದೆಯೇ ಅದು ಅಲ್ಲಿನ ಅಂಗಡಿಗಳಲ್ಲಿ ದೊರೆಯುತ್ತಿತ್ತು. ಬಸಿರಿನ ವಾಕರಿಕೆ ಕಡಮೆಯಾಗುವುದೆಂಬ ನಂಬಿಕೆಯಿಂದ ಗರ್ಭಿಣಿಯರೂ ಇದನ್ನು ಸೇವಿಸಿದರು. ಕೆಲವೇ ವರ್ಷಗಳಲ್ಲಿ ನಲವತ್ತಕ್ಕೂ ಹೆಚ್ಚು ದೇಶಗಳಲ್ಲಿ ಅದರ ಮಾರಾಟ ನಡೆಯಿತು. ಆದರೆ ತಾಯಿಯ ಒಡಲಿನಲ್ಲಿರುವ ಕೂಸಿನ ಮೇಲೆ ಅದರ ಪರಿಣಾಮವೇನೆಂಬುದನ್ನು ಯಾರೂ ಪರೀಕ್ಷಿಸಿ ತಿಳಿದಿರಲಿಲ್ಲ.

ಕೆಲಕಾಲದಲ್ಲಿಯೇ ಜರ್ಮನಿಯ ಆಸ್ಪತ್ರೆಗಳಲ್ಲಿ, ಹಿಂದೆ ಬಹು ಅಪರೂಪವಾಗಿದ್ದ ಅಂಗವೈಕಲ್ಯವುಳ್ಳ ಶಿಶುಗಳು ಮೇಲಿಂದ ಮೇಲೆ ಹುಟ್ಟತೊಡಗಿದುವು. ಕೆಲವು ಶಿಶುಗಳಿಗೆ ತೋಳುಗಳೇ ಇರಲಿಲ್ಲ. ಹಲವಕ್ಕೆ ಅಂಗೈಗಳು ಹೆಗಲಿಗೇ ಅಂಟಿಕೊಂಡಂತಿದ್ದುವು. ಹ್ಯಾಂಬರ್ಗ್ ನಗರದ ಮಕ್ಕಳ ವೈದ್ಯ ವಿಡುಕಿಂಡ್ ಲೆನ್ಜ್ ಅವರು ತಾಯಂದಿರನ್ನು ವಿಚಾರಿಸುತ್ತ ಹೋದರು. ಆ ತಾಯಂದಿರಲ್ಲಿ ಅನೇಕರು ಒಂದೇ ಮಾತ್ರೆಯ ಹೆಸರನ್ನು ಹೇಳಿದರು. 1961ರ ನವೆಂಬರಿನಲ್ಲಿ ಅವರು ಎಚ್ಚರಿಕೆ ಕೊಟ್ಟರು. ತಿಂಗಳ ಕೊನೆಯಲ್ಲಿ ಜರ್ಮನಿಯಲ್ಲಿ ಮಾತ್ರೆಯ ಮಾರಾಟ ನಿಂತಿತು. ಆ ವೇಳೆಗೆ ಕಾಲ ಮಿಂಚಿತ್ತು. ಹೀಗೆ ಪೀಡಿತರಾದ ಶಿಶುಗಳ ಸಂಖ್ಯೆ ಸುಮಾರು 10,000 ಎಂದು ಅಂದಾಜು. ಅವರಲ್ಲಿ ಬಹಳ ಮಂದಿ ಎಳವೆಯಲ್ಲಿಯೇ ತೀರಿಕೊಂಡರು. ಉಳಿದವರು ಬೆಳೆದು, ಓದಿ, ದುಡಿದು, ತಮ್ಮ ಹಕ್ಕಿಗಾಗಿ ಹೋರಾಡಿದರು.

ಅಮೆರಿಕದಲ್ಲಿ ಈ ಔಷಧ ಮಾರಾಟಕ್ಕೆ ಬರಲಿಲ್ಲ. ಅಲ್ಲಿನ ಔಷಧ ನಿಯಂತ್ರಣ ಇಲಾಖೆಯನ್ನು 1960ರಲ್ಲಿ ಆಗಷ್ಟೇ ಸೇರಿದ್ದ ಫ್ರಾನ್ಸಿಸ್ ಕೆಲ್ಸಿ ಎಂಬ ಮಹಿಳೆಯ ಮುಂದೆ ಅದರ ಅರ್ಜಿ ಬಂದಿತ್ತು. ಕಂಪನಿ ಪದೇ ಪದೇ ಒತ್ತಾಯಿಸಿದರೂ ಆಕೆ ಮಣಿಯಲಿಲ್ಲ. “ಸಾಕಷ್ಟು ಆಧಾರವಿಲ್ಲ” ಎಂಬುದೊಂದೇ ಆಕೆಯ ನಿಲುವು. ಆ ಒಂದು ಹಟದಿಂದ ಸಾವಿರಾರು ಮಕ್ಕಳು ಉಳಿದರು. 1962ರಲ್ಲಿ ಅಮೆರಿಕದ ಔಷಧ ಕಾನೂನು ಬಿಗಿಯಾಯಿತು.

ಅಷ್ಟು ಸಣ್ಣ ಮಾತ್ರೆ ಒಡಲಿನೊಳಗೆ ಮಾಡಿದುದಾದರೂ ಏನು? ಇದರ ಉತ್ತರಕ್ಕೆ ಅರ್ಧ ಶತಮಾನ ಕಾಯಬೇಕಾಯಿತು.

ಮನೆ ಕಟ್ಟುವ ಕೆಲಸವನ್ನು ನೆನೆಯಿರಿ. ನಕ್ಷೆಯಿದ್ದ ಮಾತ್ರಕ್ಕೆ ಗೋಡೆ ಏಳುವುದಿಲ್ಲ. ಅದನ್ನು ಓದಿ, ಇಂದು ಇಲ್ಲಿ ಇದನ್ನು ಕಟ್ಟಿರಿ ಎಂದು ಹೇಳುವ ಮೇಸ್ತ್ರಿ ಬೇಕು. ಜೀವಕೋಶದಲ್ಲಿ ವಂಶವಾಹಿಗಳೇ ನಕ್ಷೆ. ಯಾವ ವಂಶವಾಹಿ ಯಾವಾಗ ಕೆಲಸ ಮಾಡಬೇಕೆಂದು ನಿಯಂತ್ರಿಸುವ ಕೆಲವು ಪ್ರೋಟೀನುಗಳೇ ಮೇಸ್ತ್ರಿಗಳು. ಇವಲ್ಲದೆ, ಬೇಡವಾದ ಪ್ರೋಟೀನುಗಳಿಗೆ ಗುರುತು ಹಾಕಿ ನಾಶಕ್ಕೆ ಕಳುಹಿಸುವ ವ್ಯವಸ್ಥೆಯೂ ಕೋಶದಲ್ಲಿದೆ. ಆ ವ್ಯವಸ್ಥೆಯ ಒಂದು ಅಂಗವಾದ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಥಾಲಿಡೋಮೈಡ್ ಅಂಟಿಕೊಳ್ಳುವುದೆಂದು ಜಪಾನಿನ ವಿಜ್ಞಾನಿಗಳು 2010ರಲ್ಲಿ ಕಂಡುಹಿಡಿದರು. ಹಾಗೆ ಅಂಟಿಕೊಂಡಾಗ ಸೆರೆಬ್ಲಾನ್ ದಾರಿ ತಪ್ಪಿ, ಅಂಗಗಳ ಬೆಳವಣಿಗೆಗೆ ಬೇಕಾದ ಸಾಲ್-4 ಎಂಬ ಮೇಸ್ತ್ರಿಯನ್ನೇ ನಾಶಕ್ಕೆ ಕಳುಹಿಸುತ್ತದೆ ಎಂಬುದು 2018ರಲ್ಲಿ ತಿಳಿದುಬಂದಿತು. ಸಾಲ್-4ರ ವಂಶವಾಹಿಯೇ ಕೆಟ್ಟು ಹುಟ್ಟುವ ಕೆಲವರಲ್ಲಿಯೂ ತೋಳುಗಳಿಗೆ ಇದೇ ಬಗೆಯ ಊನ ಕಾಣುವುದು ಈ ವಿವರಣೆಗೆ ಪುಷ್ಟಿ ಕೊಡುತ್ತದೆ. ಇಲಿಗಳ ಈ ಪ್ರೋಟೀನುಗಳು ನಮ್ಮವುಗಳಿಗಿಂತ ತುಸು ಭಿನ್ನ. ಆದುದರಿಂದಲೇ ಈ ಹಾನಿ ಇಲಿಮರಿಗಳಲ್ಲಿ ಕಾಣಿಸಿಕೊಳ್ಳುವುದಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಔಷಧವು ನಕ್ಷೆಯ ಒಂದು ಗೆರೆಯನ್ನೂ ಅಳಿಸಲಿಲ್ಲ. ವಂಶವಾಹಿಗಳು ಇದ್ದಂತೆಯೇ ಇದ್ದುವು; ಕೆಲಸ ನಡೆಯಬೇಕಾದ ಗಳಿಗೆಯಲ್ಲಿ ಮೇಸ್ತ್ರಿ ಮಾತ್ರ ಇರಲಿಲ್ಲ. ಆ ಗಳಿಗೆಯೂ ಬಹಳ ಚಿಕ್ಕದು: ಗರ್ಭಧಾರಣೆಯ ಅನಂತರ ಸುಮಾರು 20ನೆಯ ದಿನದಿಂದ 36ನೆಯ ದಿನದವರೆಗೆ. ತಾನು ಗರ್ಭಿಣಿಯೆಂಬುದು ಎಷ್ಟೋ ತಾಯಂದಿರಿಗೆ ಖಚಿತವಾಗಿ ತಿಳಿಯುವ ಮುನ್ನವೇ ಆ ದಿನಗಳು ಕಳೆದಿರುತ್ತಿದ್ದುವು. ಆಗ ಒಂದೇ ಒಂದು ಮಾತ್ರೆಯೂ ಕೇಡಿಗೆ ಸಾಕಾಗುತ್ತಿತ್ತು. ಅವಧಿ ಕಳೆದ ಮೇಲೆ ನುಂಗಿದ ಮಾತ್ರೆ ತೋಳುಗಳನ್ನು ಕೆಡಿಸಲಾರದು.

ಈ ಔಷಧದ ಕಥೆ ಅಲ್ಲಿಗೇ ಮುಗಿಯಲಿಲ್ಲ. 1964ರಲ್ಲಿ ಜೆರೂಸಲೇಮಿನ ವೈದ್ಯ ಜೇಕಬ್ ಶೆಸ್ಕಿನ್ ಅವರು ನಿದ್ರೆಯಿಲ್ಲದೆ ನರಳುತ್ತಿದ್ದ ಕುಷ್ಠರೋಗಿಗೆ ಇದೇ ಮಾತ್ರೆಯನ್ನು ಕೊಟ್ಟರು. ನಿದ್ರೆಯೊಡನೆ, ನೋವು ತುಂಬಿದ ಗಂಟುಗಳೂ ಶಮನಗೊಂಡುವು. 1998ರಲ್ಲಿ ಅಮೆರಿಕವು ಕುಷ್ಠದ ಆ ತೊಡಕಿಗೂ 2006ರಲ್ಲಿ ಮಯಲೋಮ ಎಂಬ ಮಜ್ಜೆಯ ಕ್ಯಾನ್ಸರಿಗೂ ಇದನ್ನು ಅಂಗೀಕರಿಸಿತು. ಶಿಶುವಿಗೆ ಬೇಕಾದ ಮೇಸ್ತ್ರಿಯನ್ನು ಕೆಡಹುವ ಅದೇ ಮಾರ್ಗದಿಂದ, ಕ್ಯಾನ್ಸರಿನ ಕೋಶಗಳು ಅವಲಂಬಿಸಿದ ಮೇಸ್ತ್ರಿಗಳನ್ನು ಈ ಔಷಧ ಕೆಡಹುತ್ತದೆ. ಆದರೆ ಗರ್ಭಿಣಿಯರ ಕೈಗೆ ಇದು ಸೇರದಂತೆ ಕಟ್ಟುನಿಟ್ಟಿನ ನಿಯಮಗಳಿವೆ. ಕುಷ್ಠರೋಗಕ್ಕಾಗಿ ಇದರ ಬಳಕೆ ಹೆಚ್ಚಾಗಿದ್ದ ಬ್ರೆಜಿಲ್ ದೇಶದಲ್ಲಿ, 1961ರ ದುರಂತದ ಎಷ್ಟೋ ವರ್ಷಗಳ ಅನಂತರವೂ ಇಂತಹ ಶಿಶುಗಳು ಹುಟ್ಟಿದುವು.

ಮದ್ದು ತಾನಾಗಿ ಮಿತ್ರನೂ ಅಲ್ಲ, ಶತ್ರುವೂ ಅಲ್ಲ. ಯಾರಿಗೆ, ಯಾವಾಗ, ಯಾವ ಆಧಾರದ ಮೇಲೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಅದನ್ನು ಕೈಗೆ ತೆಗೆದುಕೊಳ್ಳುವುದು ವಿವೇಕ.