ಚೀನೀಯರ ಆವಿಷ್ಕಾರಗಳ ಬೋಧನೆ

ಕಾಗದ, ಮುದ್ರಣ, ದಿಕ್ಸೂಚಿ, ಸಿಡಿಮದ್ದು ಎಂದು ನಾಲ್ಕು ಹೆಸರುಗಳನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠವಾಗಿ ಒಪ್ಪಿಸುತ್ತಾರೆ. ಅವು ಯಾವ ಹಾದಿಯಲ್ಲಿ ಪಶ್ಚಿಮವನ್ನು ಸೇರಿದುವೆಂದು ಕೇಳಿದರೆ ಉತ್ತರ ಬಾರದು. ಮಕ್ಕಳನ್ನು ದೂರಿ ಫಲವಿಲ್ಲ. ಮುದ್ರಣ, ಸಿಡಿಮದ್ದು, ದಿಕ್ಸೂಚಿ ಇವು ಲೋಕದ ಸ್ಥಿತಿಯನ್ನೇ ಬದಲಿಸಿದುವೆಂದು 1620ರಲ್ಲಿ ಬರೆದ ಫ್ರಾನ್ಸಿಸ್ ಬೇಕನ್ನನಿಗೂ ಅವು ಹುಟ್ಟಿದ ಎಡೆ ತಿಳಿದಿರಲಿಲ್ಲ. ಪಾಠದ ಜೀವವಿರುವುದು ಆ ಹಾದಿಯಲ್ಲಿ. ಅದರ ಒಂದು ಕವಲು ನಮ್ಮ ಸೀಮೆಗೂ ಬಂದಿದೆ.

ಮೊದಲು ಕಾಗದವನ್ನು ತೆಗೆದುಕೊಳ್ಳೋಣ. ಕ್ರಿ.ಶ. 105ರಲ್ಲಿ ತ್ಸಾಯ್ ಲುನ್ ಎಂಬ ಆಸ್ಥಾನಾಧಿಕಾರಿ ಮರದ ತೊಗಟೆ, ಚಿಂದಿಬಟ್ಟೆ, ಹಳೆಯ ಬಲೆಗಳಿಂದ ಕಾಗದ ಮಾಡುವ ಕ್ರಮವನ್ನು ಚಕ್ರವರ್ತಿಗೆ ಅರಿಕೆ ಮಾಡಿದನು. ಅದಕ್ಕೂ ಹಿಂದಿನ ಒರಟು ಕಾಗದದ ತುಣುಕುಗಳು ದೊರೆತಿರುವುದರಿಂದ ಅವನನ್ನು ಸುಧಾರಕನೆನ್ನುವುದೇ ಸರಿ. ಎಂಟನೆಯ ಶತಮಾನದಲ್ಲಿ ಆ ವಿದ್ಯೆ ಸಮರಕಂದಕ್ಕೆ, ಅಲ್ಲಿಂದ ಬಾಗ್ದಾದಿಗೆ, ಹನ್ನೆರಡರ ವೇಳೆಗೆ ಸ್ಪೇನಿಗೆ, ಹದಿಮೂರರಲ್ಲಿ ಇಟಲಿಗೆ ಹೋಯಿತು. ಸಾವಿರ ವರ್ಷಕ್ಕೂ ಮಿಕ್ಕ ಪಯಣ! ನಮ್ಮಲ್ಲಿ ಆಗ ತಾಳೆಗರಿಯಿತ್ತು; ಬಟ್ಟೆಗೆ ಹುಣಸೆಬೀಜದ ಅಂಟನ್ನೂ ಇದ್ದಿಲಪುಡಿಯನ್ನೂ ಬಳಿದು, ಮಡಿಸಿ, ಬಳಪದಿಂದ ಲೆಕ್ಕ ಬರೆಯುವ ಕಡತವೂ ಬಳಕೆಗೆ ಬಂದಿತು. ಇಂದು ಕಚೇರಿಯ ಫೈಲಿಗೆ ಆ ಹೆಸರು ಅಂಟಿಕೊಂಡಿದೆ. ‘ಕಾಗದ’ವೆಂಬ ಮಾತು ಪಾರಸಿಯ ‘ಕಾಗಜ್’ನಿಂದ ಬಂದುದು. ಶಬ್ದವೇ ಹಾದಿಯನ್ನು ಹೇಳುತ್ತದೆ.

ಸಿಡಿಮದ್ದಿನ ಪಾಠಕ್ಕಂತೂ ನಾವು ದೂರ ಹೋಗಬೇಕಾಗಿಲ್ಲ. ಪೆಟ್ಲುಪ್ಪು, ಗಂಧಕ, ಇದ್ದಿಲುಗಳ ಮಿಶ್ರಣವನ್ನು ಒಂಬತ್ತನೆಯ ಶತಮಾನದ ಚೀನೀ ರಸವಾದಿಗಳು ಬಲ್ಲವರಾಗಿದ್ದರು. 1044ರ ಯುದ್ಧಶಾಸ್ತ್ರ ಗ್ರಂಥದಲ್ಲಿ ಅದರ ಪಾಕಗಳಿವೆ. ಮಂಗೋಲರ ಕಾಲದಲ್ಲಿ ಅದು ಪಶ್ಚಿಮಕ್ಕೆ ಹಬ್ಬಿತು. ಯೂರೋಪಿನವರು ತೋಪು, ಬಂದೂಕುಗಳನ್ನು ಬೆಳೆಸಿ ಅದನ್ನು ಮರಳಿ ಪೂರ್ವಕ್ಕೆ ತಂದರು. 1520ರಲ್ಲಿ ಕೃಷ್ಣದೇವರಾಯನು ರಾಯಚೂರು ಕೋಟೆಯನ್ನು ಮುತ್ತಿದಾಗ, ಪೋರ್ಚುಗೀಸ್ ಫಿಗರೇದೋ ಮತ್ತು ಅವನ ಸಂಗಡಿಗರು ಗೋಡೆಯ ಮೇಲಿನವರನ್ನು ಬಂದೂಕಿನಿಂದ ಹೊಡೆದು, ಕೆಳಗೆ ಕೋಟೆ ಕೆಡಹುವವರಿಗೆ ಅನುವು ಮಾಡಿಕೊಟ್ಟರೆಂದು ನೂನಿಜ್ ಬರೆದಿದ್ದಾನೆ. ಇನ್ನೂ ಹಿಂದೆ, 1367ರ ಸುಮಾರಿಗೆ, ಬಹಮನಿ–ವಿಜಯನಗರಗಳು ಆದವಾನಿಯ ಕಡೆ ಕಾದಾಡಿದಾಗಲೂ ತೋಪುಗಳಿದ್ದುವೆಂದು ಫೆರಿಷ್ತಾ ಹೇಳುತ್ತಾನೆ. ಅವನು ಬರೆದದ್ದು ಎರಡು ಶತಮಾನಗಳಿಗೂ ಮೇಲ್ಪಟ್ಟು. ಆದಕಾರಣ ವಿದ್ವಾಂಸರು ಸಂಶಯಪಡುತ್ತಾರೆ. ಆ ಸಂಶಯವನ್ನು ತರಗತಿಯಲ್ಲಿ ಮುಚ್ಚಿಡಬಾರದು. ಎರಡು ರಾಜ್ಯಗಳ ಅಂಚಿನಲ್ಲಿರುವ ನಮ್ಮ ಕನ್ನಡ ಮಕ್ಕಳಿಗೆ ತಮ್ಮ ಸೀಮೆಯ ಹೆಸರು ಪಾಠಪುಸ್ತಕದಲ್ಲಿ ಸಿಕ್ಕುವುದೇ ಅಪರೂಪ. ಸಿಕ್ಕಾಗ ಪರೀಕ್ಷಿಸಿ ನೋಡುವುದನ್ನೂ ಅವರು ಕಲಿಯಲಿ.

ದಿಕ್ಸೂಚಿಗೆ ಒಂದು ತಟ್ಟೆ ನೀರು ಸಾಕು. ಸೂಜಿಯನ್ನು ಅಯಸ್ಕಾಂತಕ್ಕೆ ಒಂದೇ ದಿಕ್ಕಿನಲ್ಲಿ ಉಜ್ಜಿ, ಬೆಂಡಿನ ಚೂರಿನ ಮೇಲಿಟ್ಟು ತೇಲಿಬಿಟ್ಟರೆ ಅದು ಉತ್ತರ-ದಕ್ಷಿಣವಾಗಿ ನಿಲ್ಲುತ್ತದೆ. 1088ರ ಸುಮಾರಿಗೆ ಷೆನ್ ಕುವೊ ವಿವರಿಸಿದ ವಿಧಾನಗಳಲ್ಲಿ ಸೂಜಿಯನ್ನು ನೀರಿನಲ್ಲಿ ತೇಲಿಸುವುದೂ ಒಂದು.

ಮುದ್ರಣದಲ್ಲಿ ಮಾತ್ರ ಉಪಾಧ್ಯಾಯರು ಎಚ್ಚರದಿಂದಿರಬೇಕು. ಬೀ ಷೆಂಗ್ 1040ರ ದಶಕದಲ್ಲಿ ಮಣ್ಣಿನ ಬಿಡಿ ಅಚ್ಚುಗಳನ್ನು ಮಾಡಿದನು. ಗುಟೆನ್‌ಬರ್ಗ್ 1450ರ ದಶಕದಲ್ಲಿ ಲೋಹದ ಅಚ್ಚುಗಳಿಂದ ಬೈಬಲನ್ನು ಮುದ್ರಿಸಿದನು. ಇವನು ಅವನಿಂದ ಕಲಿತನೆಂಬುದಕ್ಕೆ ಪುರಾವೆಯಿಲ್ಲ. ಎರವಲು ಪಡೆದನೆಂದು ಸಾರುವುದು ಉತ್ಸಾಹವೇ ಹೊರತು ಚರಿತ್ರೆಯಲ್ಲ. ಆದರೆ ಅವನ ಪುಸ್ತಕದ ಬಹುಪಾಲು ಪ್ರತಿಗಳು ಅಚ್ಚಾದದ್ದು ಕಾಗದದ ಮೇಲೆ. ಕನ್ನಡಕ್ಕೆ ಅಚ್ಚು ಬಂದದ್ದು ಪಶ್ಚಿಮದವರ ಕೈಯಿಂದ: ವಿಲಿಯಂ ಕೇರಿಯ ಕನ್ನಡ ವ್ಯಾಕರಣ 1817ರಲ್ಲಿ ಬಂಗಾಳದ ಶ್ರೀರಾಮಪುರದಲ್ಲಿ ಮುದ್ರಣವಾಯಿತು.