ಹೊಗೆಯ ವೆಚ್ಚ, ಸರೋವರದ ಬಾಕಿ
ಅಮೆರಿಕದ ಓಹಿಯೋ ಕಣಿವೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಉಗುಳಿದ ಸಲ್ಫರ್ ಡೈಆಕ್ಸೈಡ್, ಗಾಳಿಯೊಡನೆ ನೂರಾರು ಕಿಲೋಮೀಟರ್ ಸಾಗಿ ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟಗಳ ಮೇಲೆ ಆಮ್ಲಮಳೆಯಾಗಿ ಸುರಿಯಿತು. ಅದು ಮಣ್ಣಿನ ಸುಣ್ಣದಂಶವನ್ನು ಕರಗಿಸಿ, ಅಲ್ಯೂಮಿನಿಯಂ ಅಂಶವನ್ನು ಸರೋವರಗಳಿಗೆ ಹರಿಸಿತು. ಮೀನುಗಳ ಕಿವಿರುಗಳು ಹಾಳಾದವು. ನೀರಿನ ಪಿಎಚ್ ಪ್ರಮಾಣ 5ಕ್ಕಿಂತ ಕೆಳಗಿಳಿದರೆ ಬಹುತೇಕ ಮೀನುಗಳ ಮೊಟ್ಟೆಗಳು ಮರಿಯಾಗುವುದಿಲ್ಲ. ಈ ನಷ್ಟವು ವಿದ್ಯುತ್ ದರದಲ್ಲಿ ಸೇರಿರಲಿಲ್ಲ.

1990ರ ಶುದ್ಧ ವಾಯು ಕಾಯಿದೆ ತಿದ್ದುಪಡಿಯನ್ವಯ, ಒಟ್ಟು ಮಿತಿಗೊಳಪಟ್ಟು ಟನ್ನಿಗೊಂದರಂತೆ ಹೊಗೆಯ ಪರವಾನಗಿಗಳು 1995ರಿಂದ ಜಾರಿಗೆ ಬಂದವು. ಮಿತವಾಗಿ ಉಗುಳಿದ ಸ್ಥಾವರವು ಉಳಿದ ಪರವಾನಗಿಯನ್ನು ಮಾರಬಹುದಾಗಿತ್ತು. ಹೊಗೆ ಗಣನೀಯವಾಗಿ ತಗ್ಗಿತು. ಆದರೆ ಮಣ್ಣು ಕಳೆದುಕೊಂಡ ಸುಣ್ಣದಂಶವು ಶಿಲೆಗಳ ಸವೆತದಿಂದ ಮರಳಲು ದಶಕಗಳೇ ಬೇಕು. ಅನೇಕ ಸರೋವರಗಳು ಇನ್ನೂ ಪೂರ್ಣವಾಗಿ ಚೇತರಿಸಿಕೊಂಡಿಲ್ಲ. ಚಾಲ್ತಿ ವೆಚ್ಚವನ್ನು ಬೇಗ ತಗ್ಗಿಸಬಹುದು. ಕರಗಿದ ಮೂಲಧನವನ್ನು ತುಂಬಲು ತಲೆಮಾರುಗಳೇ ಹಿಡಿಯುತ್ತವೆ ಎಂಬುದನ್ನು ಉದ್ಯಮಿಗಳು ಗಮನಿಸಬೇಕು.